ಮಿತವ್ಯಯದಲ್ಲಿ ಡಿಜಿಟಲ್ ಕ್ಯಾಮರಾದ ಆಯ್ಕೆ

ವಿದ್ಯಾಸಂಸ್ಥೆಯೊಂದರ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಚಿತ್ರಗಳದು. ಹೆಂಚಿನ ಕಟ್ಟಡದ ಕಾಲದಲ್ಲಿ ತೆಗೆಸಿದ ಸಾಮೂಹಿಕ ಭಾವಚಿತ್ರವು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯಲ್ಲಿ ತೇವ ಹೀರಿ ಮಾಸಿರುತ್ತದೆ. ಅದರಲ್ಲಿ ನಿಂತವರ ಹೆಸರು ಬಲ್ಲವರು ವರುಷದಿಂದ ವರುಷಕ್ಕೆ ಕಡಿಮೆಯಾಗುತ್ತಾರೆ. ಪ್ರವೇಶ ದಾಖಲೆಯ ಪುಸ್ತಕಗಳ ಸ್ಥಿತಿಯಂತೂ ಇನ್ನೂ ಶೋಚನೀಯವಾದುದು. ಜನನ ನೋಂದಣಿ ರೂಢಿಗೆ ಬಾರದಿದ್ದ ಹಳ್ಳಿಗಳಲ್ಲಿ ಹುಟ್ಟಿದ ಅನೇಕ ಹಿರಿಯರಿಗೆ ಆ ಪುಸ್ತಕದ ಒಂದು ಸಾಲೇ ಜನ್ಮದಿನಾಂಕದ ಆಧಾರ. ಕಾಗದದ ಅಂಚು ಪುಡಿಯಾಗಿ ಉದುರಿದರೆ ಆ ಆಧಾರವೂ ಅದರೊಡನೆ ಹೋಗುತ್ತದೆ. ಆದುದರಿಂದ ಶಾಲೆಯೊಂದು ಕ್ಯಾಮರಾ ಕೊಳ್ಳುವುದು ಕೇವಲ ಸಮಾರಂಭದ ಶೋಭೆಗಾಗಿ ಅಲ್ಲ. ಅದು ಗ್ರಂಥಾಲಯದ ಬೀರುವಿನಷ್ಟೇ ಅವಶ್ಯವಾದ ಒಂದು ಉಪಕರಣ.

ಕೊಳ್ಳುವ ರೀತಿಯಲ್ಲಿ ಮಾತ್ರ ಎಡವುವುದುಂಟು. ದಾನಿಗಳಿಂದಲೋ ಹಳೆಯ ವಿದ್ಯಾರ್ಥಿಗಳಿಂದಲೋ ಬಂದ ಹಣ ಪರಿಮಿತವಾಗಿರುತ್ತದೆ, ವಾರ್ಷಿಕೋತ್ಸವ ಸಮೀಪಿಸಿರುತ್ತದೆ. ಸಮಿತಿಯ ಇಬ್ಬರು ಪೇಟೆಗೆ ಹೋಗಿ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿತವಾದ ಮೆಗಾಪಿಕ್ಸೆಲ್ ಸಂಖ್ಯೆಯನ್ನು ಕಂಡು, ಹೊಸದಾಗಿ ಬಂದ ಮಾದರಿಯೆಂದು ಅಂಗಡಿಯವನು ಹೇಳಿದೊಡನೆ ಹಣ ತೆತ್ತು ಬರುತ್ತಾರೆ. ಉತ್ಸವದ ರಾತ್ರಿ ತೆಗೆದ ಚಿತ್ರಗಳಲ್ಲಿ ಮುಖಗಳು ಕದಡಿದ ನೀರಿನೊಳಗಿನ ಬಿಂಬಗಳಂತೆ ಕಾಣುತ್ತವೆ. ಕ್ಯಾಮರಾ ಬೀರು ಸೇರುತ್ತದೆ. ಮರುವರ್ಷ ಪೇಟೆಯ ಛಾಯಾಗ್ರಾಹಕನಿಗೆ ಮತ್ತೆ ಹೇಳಿಕಳುಹಿಸಲಾಗುತ್ತದೆ. ಚಿತ್ರ ಸರಿಬರಲಿಲ್ಲವೆಂದು ಉತ್ಸವವನ್ನು ಎರಡನೆಯ ಬಾರಿ ನಡೆಸಲು ಬರುವಂತಿಲ್ಲ. ಅಲ್ಪಧನದಲ್ಲಿ ಉತ್ತಮ ಕ್ಯಾಮರಾ ಬಯಸುವವರು ಹೊಸತನಕ್ಕೆ ಹಣ ತೆರದೆ ಮಸೂರಕ್ಕೂ ಬೆಳಕಿಗೂ ತೆರಬೇಕೆಂಬ ಒಂದು ಮಾತನ್ನು ಇಲ್ಲಿ ಸಕಾರಣವಾಗಿ ವಿವರಿಸಲಾಗಿದೆ.

ಡಿಜಿಟಲ್ ಕ್ಯಾಮರಾದ ಹುಟ್ಟು ಬಹಳ ಹಿಂದಿನದೇನಲ್ಲ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಮುಂದೆ ಬೆಳಕನ್ನು ವಿದ್ಯುದಂಶವಾಗಿ ಸಂಗ್ರಹಿಸಲು ನೆರವಾದ ಸಿಲಿಕಾನ್ ಸಾಧನವೊಂದನ್ನು ರೂಪಿಸಿದರು. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 1975ರಲ್ಲಿ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥ ಫಲಕವನ್ನು ಬಳಸಿ ಕ್ಯಾಮರಾ ಜೋಡಿಸಿದರು. ಅದರ ತೂಕ ಸುಮಾರು 3.6 ಕಿಲೋಗ್ರಾಂ. ಅಡ್ಡ 100, ಉದ್ದ 100, ಒಟ್ಟು 10,000 ಚುಕ್ಕೆಗಳ ಕಪ್ಪುಬಿಳುಪು ಚಿತ್ರವೊಂದನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮನ್ನು ಮಾರಿ ಬದುಕುತ್ತಿದ್ದ ಆ ಸಂಸ್ಥೆ ತನ್ನ ಮನೆಯಲ್ಲೇ ಹುಟ್ಟಿದ ಕೂಸನ್ನು ಎತ್ತಿ ಆಡಿಸಲು ಹಿಂಜರಿದು, 2012ರಲ್ಲಿ ದಿವಾಳಿಯ ಅರ್ಜಿ ಸಲ್ಲಿಸಬೇಕಾಯಿತೆಂಬುದು ವ್ಯಾಪಾರದ ಚರಿತ್ರೆಯಲ್ಲಿ ಮನನಯೋಗ್ಯವಾದ ಸಂಗತಿ.

ಇನ್ನು ಪಿಕ್ಸೆಲ್ಲಿನ ವಿಚಾರ. ಚಿತ್ರವನ್ನು ರಚಿಸುವ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಹತ್ತು ಲಕ್ಷ ಚುಕ್ಕೆಗಳು ಕೂಡಿದರೆ ಒಂದು ಮೆಗಾಪಿಕ್ಸೆಲ್. ಚುಕ್ಕೆಗಳು ಹೆಚ್ಚಿದಷ್ಟೂ ಚಿತ್ರ ಉತ್ತಮವೆಂಬ ಭಾವನೆ ಸರ್ವತ್ರ ಹರಡಿದೆ. ಇದರಲ್ಲಿ ಸತ್ಯಾಂಶವಿದ್ದರೂ ಅದರ ಮೇರೆ ಬಹಳ ಬೇಗ ಬರುತ್ತದೆ. 6 ಮೆಗಾಪಿಕ್ಸೆಲ್ಲಿಗೆ ಬದಲಾಗಿ 24 ಮೆಗಾಪಿಕ್ಸೆಲ್ ಎಂದರೆ ನಾಲ್ಮಡಿಯಾಯಿತೆಂದು ಕೇಳುವವನಿಗೆ ತೋರುತ್ತದೆ. ಆದರೆ ಉದ್ದಳತೆಯಲ್ಲಿ ಎರಡರಷ್ಟು, ಅಗಲಳತೆಯಲ್ಲಿ ಎರಡರಷ್ಟು, ಇಷ್ಟೇ ಅದರ ಫಲ. ಸಾಧಾರಣ ಅಂಚೆಪತ್ರದ ಗಾತ್ರದ, ಎಂದರೆ 6 ಅಂಗುಲ ಉದ್ದ 4 ಅಂಗುಲ ಅಗಲದ ಮುದ್ರಣಕ್ಕೆ, ಅಂಗುಲಕ್ಕೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೂ ಬೇಕಾಗುವುದು ಸುಮಾರು 2 ಮೆಗಾಪಿಕ್ಸೆಲ್. ಸ್ಮರಣ ಸಂಚಿಕೆಯ ಪೂರ್ಣ ಪುಟವನ್ನು ತುಂಬುವ ಚಿತ್ರಕ್ಕೆ 9 ಸಾಕು. ಹಾಗಾಗಿ 12ರಿಂದ 24ರವರೆಗಿನ ಯಾವುದೇ ಕ್ಯಾಮರಾ ಶಾಲೆಯ ಬಹುತೇಕ ಕಾರ್ಯಕ್ಕೆ ಧಾರಾಳವಾಯಿತು.

ಈ ಸಂಖ್ಯೆಯ ಸುತ್ತ ಒಂದು ಮೋಸವೂ ಬೆಳೆದಿದೆ. ಪರಿಚಿತ ತಯಾರಕರ ಹೆಸರಿಲ್ಲದ, ನೋಡಲು ದೊಡ್ಡ ಕ್ಯಾಮರಾದಂತೆಯೇ ಇರುವ ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ 48 ಎಂದೋ 64 ಎಂದೋ ಅಚ್ಚಾಗಿರುತ್ತದೆ. ಇಂಥ ಹಲವು ಯಂತ್ರಗಳ ಒಳಗಿನ ಫಲಕ ನಿಜವಾಗಿ ಗ್ರಹಿಸುವುದು ಅದರ ಒಂದು ಭಾಗವನ್ನು ಮಾತ್ರ. ಉಳಿದ ಚುಕ್ಕೆಗಳನ್ನು ಅಕ್ಕಪಕ್ಕದ ಚುಕ್ಕೆಗಳ ನಡುವೆ ಊಹಿಸಿ ತುಂಬಲಾಗಿರುತ್ತದೆ. ಮಜ್ಜಿಗೆಗೆ ನೀರು ಬೆರೆಸಿ ಗಡಿಗೆ ತುಂಬಿಸಿದಂತೆ ಇದು. ಪ್ರಮಾಣ ಹೆಚ್ಚುತ್ತದೆ, ಸಾರ ಹೆಚ್ಚುವುದಿಲ್ಲ. ಡಿಜಿಟಲ್ ಜೂಮ್ ಎಂಬುದೂ ಇದೇ ಜಾತಿಯದು.

ಹಾಗಾದರೆ ನೋಡಬೇಕಾದುದು ಯಾವುದು? ಮೊದಲನೆಯದು ಬೆಳಕನ್ನು ಗ್ರಹಿಸುವ ಫಲಕದ, ಎಂದರೆ ಸೆನ್ಸರಿನ ವಿಸ್ತಾರ. ಅಂಗೈಯಲ್ಲಿ ಅಡಗುವ ಸಣ್ಣ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಕಾಣುವ ಫಲಕದ ಅಳತೆ ಸುಮಾರು 6.2 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಅಗಲ, ಅದು ಕಡಲೆಬೇಳೆಯಷ್ಟು. ಮಸೂರವನ್ನು ಕಳಚಿ ಬದಲಿಸಬಹುದಾದ ಕ್ಯಾಮರಾಗಳಲ್ಲಿ ಅಗ್ಗದ ವರ್ಗದವುಗಳಲ್ಲಿಯೂ ಅದು ಸುಮಾರು 23 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ ಇರುತ್ತದೆ. ಇದಕ್ಕೆ ಎ.ಪಿ.ಎಸ್.-ಸಿ. ಎಂದು ಹೆಸರು. ವಿಸ್ತೀರ್ಣವನ್ನು ಗುಣಿಸಿ ನೋಡಿದರೆ ಎರಡನೆಯದು ಮೊದಲನೆಯದರ ಹನ್ನೆರಡು ಪಟ್ಟನ್ನೂ ಮೀರುತ್ತದೆ. ಮಳೆ ಒಂದೇ ಆದರೂ ಅಂಗಳದಲ್ಲಿಟ್ಟ ಕೊಪ್ಪರಿಗೆಗೆ ಬೀಳುವ ನೀರು ಲೋಟಕ್ಕೆ ಬೀಳಲಾರದು. ಹಗಲು ಬಿಸಿಲಿನಲ್ಲಿ ಲೋಟವೂ ತುಂಬುವುದರಿಂದ ಎರಡಕ್ಕೂ ಅಂತರ ತಿಳಿಯುವುದಿಲ್ಲ. ಅಂಗಡಿಯ ಪ್ರಕಾಶಮಾನವಾದ ದೀಪದಡಿ ಪರೀಕ್ಷಿಸಿ ತಂದವರು ಸಭಾಭವನದಲ್ಲಿ ನಿರಾಶರಾಗುವುದಕ್ಕೆ ಇದೇ ಕಾರಣ. ಫಲಕದ ಪ್ರತಿಯೊಂದು ಬಿಂದುವಿನ ಮೇಲೂ ಕೆಂಪು, ಹಸುರು ಅಥವಾ ನೀಲಿ ಬಣ್ಣದ ಸೋಸುಗವೊಂದು ಕುಳಿತಿರುವುದರಿಂದ ಬೀಳುವ ಬೆಳಕಿನಲ್ಲಿ ಬಹುಪಾಲು ಅಲ್ಲಿಯೇ ತಡೆಯಲ್ಪಡುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟು ಪಡೆದ ಈ ವಿನ್ಯಾಸದಲ್ಲಿ ಅರ್ಧದಷ್ಟು ಬಿಂದುಗಳು ಹಸುರಿಗೆ, ಕಾಲು ಪಾಲು ಕೆಂಪಿಗೆ, ಕಾಲು ಪಾಲು ನೀಲಿಗೆ ಮೀಸಲು. ಇಂದಿಗೂ ಬಹುತೇಕ ಕ್ಯಾಮರಾಗಳು ಇದನ್ನೇ ಅನುಸರಿಸುತ್ತವೆ.

ಎರಡನೆಯದೂ ಹೆಚ್ಚು ಮುಖ್ಯವಾದುದೂ ಮಸೂರ. ಮಸೂರದ ಕಿಂಡಿ ಎಷ್ಟು ಅಗಲವಾಗಿ ತೆರೆಯಬಲ್ಲದೆಂಬುದನ್ನು ಎಫ್ ಎಂಬ ಅಕ್ಷರದ ಮುಂದಿನ ಅಂಕಿ ಸೂಚಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇದು ಹೊಸಬರನ್ನು ಗಲಿಬಿಲಿಗೊಳಿಸುವ ವಿಲೋಮ ಕ್ರಮ. ಕ್ಯಾಮರಾದೊಡನೆ ಕೂಡಿಸಿ ಮಾರುವ 18ರಿಂದ 55 ಮಿಲಿಮೀಟರಿನ ಜೂಮ್ ಮಸೂರವು ಮುಂದಕ್ಕೆ ಚಾಚಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. ಅದೇ ನಾಭಿದೂರದ ಆಸುಪಾಸಿನ, ಜೂಮ್ ಇಲ್ಲದ 50 ಮಿಲಿಮೀಟರಿನ ಅಗ್ಗದ ಮಸೂರವು ಎಫ್ 1.8ರವರೆಗೆ ತೆರೆಯುತ್ತದೆ. ಒಳಬರುವ ಬೆಳಕು ಈ ಅಂಕಿಗಳ ವರ್ಗಕ್ಕೆ ಅನುಸಾರವಾದುದರಿಂದ ಎರಡನೆಯದು ಮೊದಲನೆಯದರ ಹತ್ತುಪಟ್ಟಿಗೆ ಸಮೀಪವಾಗಿ ಬೆಳಕನ್ನು ಬರಮಾಡಿಕೊಳ್ಳುತ್ತದೆ. ಇದರ ಅರ್ಥವನ್ನು ವೇದಿಕೆಯ ಮೇಲೆ ಕಾಣಬೇಕು. ಜೂಮ್ ಮಸೂರಕ್ಕೆ ಸೆಕೆಂಡಿನ 15ರಲ್ಲಿ 1 ಭಾಗ ಕಾಲ ಬೇಕಾಗುವ ಬೆಳಕಿನಲ್ಲಿ ಈ ಮಸೂರಕ್ಕೆ 125ರಲ್ಲಿ 1 ಭಾಗ ಸಾಲುತ್ತದೆ. ಮೊದಲನೆಯದರಲ್ಲಿ ಕೋಲಾಟದ ಹುಡುಗಿಯ ಕೈ ಬರಿಯ ಮಸುಕು ಗೆರೆಯಾಗುತ್ತದೆ. ಎರಡನೆಯದರಲ್ಲಿ ಕೋಲು ಹಿಡಿದ ಬೆರಳುಗಳನ್ನೂ ಗುರುತಿಸಬಹುದು. ಸಾವಿರಾರು ರೂಪಾಯಿ ಹೆಚ್ಚು ತೆತ್ತು ಹೊಸ ಯಂತ್ರ ತಂದರೂ ಇಂಥ ಅಂತರ ಲಭಿಸುವುದು ದುರ್ಲಭ.

ಇಲ್ಲೊಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪ್ರತಿಯೊಬ್ಬ ಅಧ್ಯಾಪಕರ ಕಿಸೆಯಲ್ಲಿಯೂ ಮೊಬೈಲ್ ಫೋನು ಇರುವಾಗ ಪ್ರತ್ಯೇಕ ಕ್ಯಾಮರಾದ ಅಗತ್ಯವೇನು? ಆಕ್ಷೇಪಣೆ ನ್ಯಾಯವಾದುದು. ಹಗಲಿನ ಬೆಳಕಿನಲ್ಲಿ ಹತ್ತಿರದ ವಸ್ತುವನ್ನು ಚಿತ್ರಿಸಲು ಒಳ್ಳೆಯ ಫೋನು ಸಾಕು. ಹಲವು ಚಿತ್ರಗಳನ್ನು ಕ್ಷಣಮಾತ್ರದಲ್ಲಿ ತೆಗೆದು ಒಂದಾಗಿ ಬೆಸೆಯುವ ಗಣಕವಿದ್ಯೆಯಿಂದ ಅದು ತನ್ನ ಸಣ್ಣ ಫಲಕದ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಅಗ್ಗದ ಸಣ್ಣ ಕ್ಯಾಮರಾವನ್ನು ಕೊಳ್ಳುವುದಕ್ಕಿಂತ ಇರುವ ಫೋನನ್ನೇ ಒಂದು ಸ್ಟ್ಯಾಂಡಿಗೆ ಬಿಗಿದು ಬಳಸುವುದು ಜಾಣತನ. ಶಾಲೆಯ ಅಗತ್ಯ ಇಷ್ಟೇ ಆಗಿದ್ದರೆ ಕ್ಯಾಮರಾದ ಹಣವನ್ನು ಪುಸ್ತಕಗಳಿಗೆ ವಿನಿಯೋಗಿಸಬಹುದು. ಫೋನು ಸೋಲುವುದು ದೂರದ ವೇದಿಕೆಯಲ್ಲಿ, ಮಂದ ಬೆಳಕಿನ ಚಲನೆಯಲ್ಲಿ, ಕಬಡ್ಡಿ ಖೊಖೋ ಪಂದ್ಯಗಳಲ್ಲಿ ಮತ್ತು ನೂರಾರು ಪುಟಗಳನ್ನು ಒಂದೇ ಅಳತೆಯಲ್ಲಿ ಒಂದೇ ಬಣ್ಣದಲ್ಲಿ ನಕಲು ಮಾಡಬೇಕಾದಲ್ಲಿ. ಮೇಲಾಗಿ ಅಧ್ಯಾಪಕರ ಸ್ವಂತ ಫೋನಿನಲ್ಲಿ ತೆಗೆದ ಚಿತ್ರ ಅವರ ವರ್ಗಾವಣೆಯೊಡನೆಯೋ ನಿವೃತ್ತಿಯೊಡನೆಯೋ ಶಾಲೆಯನ್ನು ಬಿಟ್ಟು ಹೋಗುತ್ತದೆ.

ಕ್ಯಾಮರಾವೇ ಬೇಕೆಂದು ನಿಶ್ಚಯವಾದ ಮೇಲೆ ಹೊಸದೋ ಹಳೆಯದೋ ಎಂಬ ವಿಚಾರ ಬರುತ್ತದೆ. 2008ರಿಂದೀಚೆಗೆ ಕನ್ನಡಿಯಿಲ್ಲದ ಕ್ಯಾಮರಾಗಳು ಬಳಕೆಗೆ ಬಂದು ಪ್ರಮುಖ ತಯಾರಕರೆಲ್ಲ ಆ ಕಡೆಗೇ ತಿರುಗಿದ್ದಾರೆ. ಒಳಗೆ ಕನ್ನಡಿಯುಳ್ಳ ಡಿ.ಎಸ್.ಎಲ್.ಆರ್. ಕ್ಯಾಮರಾಗಳನ್ನು ಹವ್ಯಾಸಿಗಳು ಒಬ್ಬೊಬ್ಬರಾಗಿ ಮಾರಿ ಹೊಸದಕ್ಕೆ ಹೋಗುತ್ತಿರುವುದರಿಂದ ಬಡ ಶಾಲೆಗೆ ಇದು ಅನುಕೂಲದ ಕಾಲ. ಹತ್ತು ವರ್ಷ ಹಿಂದಿನ ಕ್ಯಾಮರಾದ ಚಿತ್ರವು ಅಚ್ಚಿನಲ್ಲಿ ಹೊಸದರ ಚಿತ್ರಕ್ಕಿಂತ ಕೀಳೆಂದು ಹೇಳಬಲ್ಲವರು ವಿರಳ. ನಿಕಾನ್ ಸಂಸ್ಥೆಯ ಡಿ 3200, ಡಿ 3300 ಹಾಗೂ ಡಿ 5300 ಎಂಬ ಮಾದರಿಗಳು ಅನುಕ್ರಮವಾಗಿ 2012, 2014 ಮತ್ತು 2013ರಲ್ಲಿ ಬಂದವು. ಮೂರೂ 24 ಮೆಗಾಪಿಕ್ಸೆಲ್ಲಿನವು. ಕ್ಯಾನನ್ ಸಂಸ್ಥೆಯ 1300 ಡಿ 2016ರದು, 18 ಮೆಗಾಪಿಕ್ಸೆಲ್. 1500 ಡಿ 2018ರದು, 24 ಮೆಗಾಪಿಕ್ಸೆಲ್. ಅದೇ ವರ್ಷ ಇನ್ನೂ ಅಗ್ಗಕ್ಕೆ ಬಂದ 3000 ಡಿ ಮಾದರಿಯಲ್ಲಿ ಮಸೂರ ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಪದೇ ಪದೇ ಮಸೂರ ಬದಲಿಸುವ, ಹಲವು ಕೈಗಳು ಮುಟ್ಟುವ ಶಾಲೆಗೆ ಇದು ತಕ್ಕುದಲ್ಲ. ಹೊಸ ಡಿಜಿಟಲ್ ಕ್ಯಾಮರಾಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2019ರ ಜನವರಿಯಲ್ಲಿ ಶೇಕಡ 28ರಿಂದ 18ಕ್ಕೆ ಇಳಿಯಿತಾದರೂ ಬಳಸಿದ ಕ್ಯಾಮರಾದ ಬೆಲೆಯನ್ನು ಹೊಸದು ಮುಟ್ಟುವಂತಿಲ್ಲ.

ನಿಕಾನ್ ಕೊಳ್ಳುವವರು ಒಂದು ಎಚ್ಚರಿಕೆ ವಹಿಸತಕ್ಕದ್ದು. ಮೇಲೆ ಹೇಳಿದ ಅಗ್ಗದ ಮಾದರಿಗಳ ಒಳಗೆ ಮಸೂರವನ್ನು ತಿರುಗಿಸಿ ಸ್ಫುಟಗೊಳಿಸುವ ಮೋಟಾರು ಇಲ್ಲ. ಆದಕಾರಣ ಮಸೂರದ ಮೇಲೆ ಎ.ಎಫ್.-ಎಸ್. ಎಂಬ ಅಕ್ಷರಗಳಿರಬೇಕು, ಬರಿಯ ಎ.ಎಫ್. ಎಂದಿದ್ದು ಕೊನೆಯಲ್ಲಿ ಡಿ ಅಕ್ಷರವುಳ್ಳ ಹಳೆಯ ಮಸೂರಗಳು ಅಗ್ಗಕ್ಕೆ ಸಿಕ್ಕರೂ ಇವುಗಳ ಮೇಲೆ ತಾವಾಗಿ ಸ್ಫುಟಗೊಳ್ಳವು. ಎ.ಎಫ್.-ಪಿ. ಎಂಬ ಇನ್ನೊಂದು ಬಗೆ ಕೆಲವು ಹಳೆಯ ಕ್ಯಾಮರಾಗಳಿಗೆ ಹೊಂದುವುದಿಲ್ಲ. ಕ್ಯಾನನ್‌ನಲ್ಲಿ ಈ ತೊಡಕಿಲ್ಲ. ಅದರ 2015ರ 50 ಮಿಲಿಮೀಟರ್ ಎಫ್ 1.8 ಮಸೂರ ಲೋಹದ ಬಳೆಯುಳ್ಳದ್ದಾಗಿ ಅಗ್ಗದವುಗಳಲ್ಲಿ ಅಗ್ಗವಾದುದು. ನಿಕಾನ್‌ಗೆ 2009ರ 35 ಮಿಲಿಮೀಟರ್ ಎಫ್ 1.8 ಮಸೂರವು ತರಗತಿಯ ಕೊಠಡಿಯೊಳಗೆ ಹೆಚ್ಚು ಉಪಯುಕ್ತ, ಏಕೆಂದರೆ ಚಿಕ್ಕ ಫಲಕದ ಮೇಲೆ 50 ಮಿಲಿಮೀಟರಿನ ನೋಟ ತುಸು ಇಕ್ಕಟ್ಟಾಗುತ್ತದೆ.

ಬೆಲೆಗಳು ಸ್ಥಿರವಾಗಿರುವುದಿಲ್ಲವಾದುದರಿಂದ ಹಣವನ್ನು ಹಂಚುವ ಪ್ರಮಾಣವನ್ನು ಹಿಂದಿನವರ ಹದಿನಾರಾಣೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಒದಗಿದ ಒಂದೊಂದು ರೂಪಾಯಿಯಲ್ಲಿ ಎಂಟಾಣೆ, ವ್ಯಾಪಾರಿಗಳು ಬಾಡಿ ಎನ್ನುವ ಯಂತ್ರಭಾಗಕ್ಕೂ ಅದರ ಜೊತೆಯ ಜೂಮ್ ಮಸೂರಕ್ಕೂ ಸಲ್ಲಲಿ; ನಾಲ್ಕಾಣೆ ಎಫ್ 1.8ರ ಮಸೂರಕ್ಕೆ, ಎರಡಾಣೆ ಮೂರು ಕಾಲಿನ ಸ್ಟ್ಯಾಂಡು ಹಾಗೂ ದೀಪಗಳಿಗೆ, ಉಳಿದ ಎರಡಾಣೆ ಮೆಮೊರಿ ಕಾರ್ಡು, ಹೆಚ್ಚುವರಿ ಬ್ಯಾಟರಿ, ಹಾರ್ಡ್ ಡಿಸ್ಕುಗಳಿಗೆ. ಹದಿನಾರಾಣೆಯನ್ನೂ ಬಾಡಿಗೇ ಸುರಿದು ಸ್ಟ್ಯಾಂಡಿಗೆ ಮುಂದಿನ ವರ್ಷ ನೋಡೋಣವೆನ್ನುವ ಶಾಲೆಯಲ್ಲಿ ಆ ಮುಂದಿನ ವರ್ಷ ಬರುವುದು ಅಪರೂಪ. ಕ್ರೀಡಾಕೂಟಕ್ಕೆ ಬೇಕಾಗುವ ಉದ್ದನೆಯ ಜೂಮ್ ಮಸೂರವನ್ನು ಆಮೇಲೆ ಕೊಳ್ಳಬಹುದು. ಅದು ಬಿಸಿಲಿನಲ್ಲಿ ನಡೆಯುವ ಕಾರ್ಯವಾದುದರಿಂದ ಕಿಂಡಿ ಕಿರಿದಾದ ಅಗ್ಗದ ಮಸೂರವೂ ನಡೆಯುತ್ತದೆ. ಸೆಕೆಂಡಿನ 500ರಲ್ಲಿ 1 ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಂಡರಾಯಿತು.

ಬಳಸಿದ ಕ್ಯಾಮರಾವನ್ನು ಪರೀಕ್ಷಿಸದೆ ಕೊಳ್ಳುವುದು ಎತ್ತಿನ ಹಲ್ಲು ನೋಡದೆ ಜಾತ್ರೆಯಲ್ಲಿ ವ್ಯಾಪಾರ ಮಾಡಿದಂತೆ. ಪರೀಕ್ಷೆಗೆ ಬೇಕಾದುದು ಒಂದು ಮೆಮೊರಿ ಕಾರ್ಡು, ಒಂದು ಕೈದೀಪ, ಅರ್ಧ ಗಂಟೆಯ ವ್ಯವಧಾನ. ಮೊದಲು ಮಸೂರವನ್ನು ಕಳಚಿ, ಅದರ ಹಿಂಬದಿಯಿಂದ ಕೈದೀಪ ಹಾಯಿಸಿ ಮುಂಬದಿಯಿಂದ ಓರೆಯಾಗಿ ನೋಡಬೇಕು. ಗಾಜಿನೊಳಗೆ ಜೇಡರ ಬಲೆಯಂತೆ ಸಣ್ಣ ಎಳೆಗಳು ಹಬ್ಬಿದ್ದರೆ ಅದು ಬೂಷ್ಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಳಕೆಯಾದ ಮಸೂರಗಳಲ್ಲಿ ಇದು ಸಾಮಾನ್ಯ. ಎಷ್ಟೇ ಅಗ್ಗವಾದರೂ ಅಂಥದನ್ನು ಮುಟ್ಟಬಾರದು. ಒಂದೆರಡು ಧೂಳಿನ ಕಣಗಳಿಗೆ ಮಾತ್ರ ಹೆದರಬೇಕಾದುದಿಲ್ಲ. ಅವು ಚಿತ್ರದಲ್ಲಿ ಮೂಡುವುದಿಲ್ಲ. ಅನಂತರ ಮಸೂರವನ್ನು ಕೂರಿಸಿ, ಕಿಂಡಿಯನ್ನು ಎಫ್ 16ಕ್ಕೆ ಕಿರಿದುಗೊಳಿಸಿ, ಬಿಳಿಯ ಗೋಡೆಯನ್ನೋ ನಿರ್ಮಲ ಆಕಾಶವನ್ನೋ ಚಿತ್ರಿಸಿದರೆ ಫಲಕದ ಮೇಲೆ ಕುಳಿತ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳನ್ನು ತೆಗೆಸಬಹುದು, ಗೀರನ್ನು ತೆಗೆಸಲಾಗದು. ಮಸೂರಕ್ಕೆ ಮುಚ್ಚಳ ಹಾಕಿ ಹತ್ತು ಸೆಕೆಂಡಿನ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಕೆಟ್ಟ ಬಿಂದುಗಳು ಬಣ್ಣದ ಕಿಡಿಗಳಂತೆ ಹೊಳೆಯುತ್ತವೆ. ನಾಲ್ಕಾರು ಇದ್ದರೆ ಚಿಂತೆಯಿಲ್ಲ, ಆಕಾಶದ ತುಂಬ ನಕ್ಷತ್ರಗಳಂತಿದ್ದರೆ ಬಿಡುವುದೇ ಲೇಸು. ಮುದ್ರಿತ ಪುಟವೊಂದನ್ನು ಗೋಡೆಗೆ ಅಂಟಿಸಿ, ಕಿಂಡಿಯನ್ನು ಪೂರ್ಣ ತೆರೆದು ನೇರವಾಗಿ ಚಿತ್ರಿಸಿ, ನಾಲ್ಕು ಮೂಲೆಗಳ ಅಕ್ಷರಗಳನ್ನು ಹೋಲಿಸಬೇಕು. ಮೂಲೆಗಳೆಲ್ಲ ಸಮಾನವಾಗಿ ತುಸು ಮೃದುವಾಗಿರುವುದು ಅಗ್ಗದ ಮಸೂರದ ಸ್ವಭಾವ. ಒಂದು ಬದಿ ಮಾತ್ರ ಮಸುಕಾಗಿದ್ದರೆ ಆ ಮಸೂರ ಎಂದೋ ಕೆಳಗೆ ಬಿದ್ದು ಓರೆಯಾಗಿದೆಯೆಂದು ಶಂಕಿಸಬೇಕು.

ಶಟರು ಎಷ್ಟು ಸಲ ಬಡಿದಿದೆಯೆಂಬುದು ಎತ್ತಿನ ವಯಸ್ಸಿದ್ದಂತೆ. ನಿಕಾನ್ ಕ್ಯಾಮರಾದ ಪ್ರತಿ ಚಿತ್ರದ ಕಡತದೊಳಗೂ ಈ ಎಣಿಕೆ ಅಡಗಿರುತ್ತದೆ. ಗಣಕಯಂತ್ರದಲ್ಲಿ ತೆರೆದು ಓದಬಹುದು. ಕ್ಯಾನನ್‌ನ ಹೆಚ್ಚಿನ ಮಾದರಿಗಳು ಇದನ್ನು ಚಿತ್ರದಲ್ಲಿ ಬರೆಯುವುದಿಲ್ಲವಾದ್ದರಿಂದ ಬೇರೆ ತಂತ್ರಾಂಶವೋ ಮಾರುವವನ ಮಾತೋ ಗತಿ. ಡಿ 3300ರ ಶಟರನ್ನು ಒಂದು ಲಕ್ಷ ಬಡಿತಗಳವರೆಗೆ ಪರೀಕ್ಷಿಸಲಾಗಿದೆಯೆಂದು ತಯಾರಕರು ತಿಳಿಸಿದ್ದರು. ಮದುವೆಯ ಛಾಯಾಗ್ರಾಹಕನು ಮಾರುವ ಕ್ಯಾಮರಾ ಆ ಸಂಖ್ಯೆಯನ್ನು ಸಮೀಪಿಸಿರಬಹುದು. ಊರಿನ ಹವ್ಯಾಸಿಯೊಬ್ಬನು ಎರಡು ಪ್ರವಾಸಗಳಲ್ಲಿ ಬಳಸಿ ಕಪಾಟಿನಲ್ಲಿಟ್ಟದ್ದು ಐದು ಸಾವಿರವನ್ನೂ ದಾಟಿರಲಿಕ್ಕಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘವು ತನ್ನ ಸದಸ್ಯರಲ್ಲಿಯೇ ಒಮ್ಮೆ ವಿಚಾರಿಸಿದರೆ ಇಂಥ ಕ್ಯಾಮರಾ ಬೆಲೆಯಿಲ್ಲದೆಯೇ ದೊರೆತರೂ ದೊರೆಯಬಹುದು. ಕೊಳ್ಳುವುದಾದರೆ ಮೂಲ ರಸೀದಿಯಲ್ಲಿರುವ ಸಂಖ್ಯೆಯೂ ಬಾಡಿಯ ಅಡಿಯಲ್ಲಿರುವ ಸಂಖ್ಯೆಯೂ ಒಂದೇ ಎಂಬುದನ್ನು ನೋಡಿ, ಆ ಸಂಖ್ಯೆಯನ್ನು ನಮೂದಿಸಿದ ಸಹಿಯುಳ್ಳ ಚೀಟಿ ಪಡೆಯತಕ್ಕದ್ದು. ಕಳವಿನ ಮಾಲು ಶಾಲೆಯ ಆಸ್ತಿ ಪಟ್ಟಿಗೆ ಸೇರಕೂಡದು. ಲೆಕ್ಕ ಪರಿಶೋಧಕರಿಗೂ ಉತ್ತರ ಹೇಳಬೇಕಲ್ಲವೆ.

ಸಾಮೂಹಿಕ ಭಾವಚಿತ್ರದಲ್ಲಿ ಮಾತ್ರ ಪಿಕ್ಸೆಲ್ಲಿನ ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಾಲೊಂದರಲ್ಲಿ ಇಪ್ಪತ್ತೈದು ಮಂದಿ ನಿಂತರೆ ಅದರ ಉದ್ದ ಸುಮಾರು 11 ಮೀಟರ್. 24 ಮೆಗಾಪಿಕ್ಸೆಲ್ಲಿನ ಕ್ಯಾಮರಾದಲ್ಲಿ ಉದ್ದಕ್ಕೆ 6,000 ಚುಕ್ಕೆಗಳಿರುವುದರಿಂದ ಒಂದೊಂದು ಮುಖಕ್ಕೆ ಸುಮಾರು 80 ಚುಕ್ಕೆಯ ಅಗಲ ಸಿಗುತ್ತದೆ. 6 ಮೆಗಾಪಿಕ್ಸೆಲ್ಲಿನದರಲ್ಲಿ 40. ನಾಲ್ಕು ದಶಕಗಳ ಬಳಿಕ ಆ ಮುಖವನ್ನು ಮೊಮ್ಮಗನೊಬ್ಬ ದೊಡ್ಡದು ಮಾಡಿ ನೋಡಬಯಸಿದಾಗ ಈ ಅಂತರ ಸಣ್ಣದಲ್ಲ. ಇಂಥ ಚಿತ್ರವನ್ನು ನಡುಹಗಲ ಬಿಸಿಲಿನಲ್ಲಿ ತೆಗೆದರೆ ಕಣ್ಣುಗಳು ನೆರಳಿನ ಗುಳಿಗಳಾಗುತ್ತವೆ. ಕಟ್ಟಡದ ನೆರಳು ಬೀಳುವ ಬದಿ, ಸ್ಟ್ಯಾಂಡು, ಎಫ್ 8ರ ಕಿಂಡಿ, ಹತ್ತು ಹಲವು ಪ್ರತಿಗಳು, ಇಷ್ಟಿದ್ದರೆ ಯಾರೊಬ್ಬರೂ ಕಣ್ಣು ಮುಚ್ಚದ ಚಿತ್ರವೊಂದು ಸಿಕ್ಕೀತು. ಜೂಮ್ ಮಸೂರವನ್ನು ತೀರ ಅಗಲಕ್ಕೆ ತಿರುಗಿಸಿದರೆ ಅಂಚಿನಲ್ಲಿ ನಿಂತವರು ದಪ್ಪನಾಗಿ ತೋರುತ್ತಾರೆ, ಆದ್ದರಿಂದ ಛಾಯಾಗ್ರಾಹಕನೇ ಹಿಂದೆ ಸರಿಯುವುದು ಮೇಲು. ಸಾಲು ಸಾಲಾಗಿ ಎಡದಿಂದ ಬಲಕ್ಕೆ ಹೆಸರುಗಳನ್ನು ಅದೇ ದಿನ ಬರೆದಿಡಬೇಕು.

ಕೊನೆಯದಾಗಿ ದಾಖಲೆಗಳ ನಕಲು. ಮಿತವ್ಯಯದ ಕ್ಯಾಮರಾವು ಅತಿ ಹೆಚ್ಚಿನ ಫಲ ಕೊಡುವುದು ಇಲ್ಲಿ. 13.5 ಅಂಗುಲ ಉದ್ದದ ಫುಲ್‌ಸ್ಕೇಪ್ ಪುಟವನ್ನು 24 ಮೆಗಾಪಿಕ್ಸೆಲ್ಲಿನಲ್ಲಿ ಚೌಕಟ್ಟು ತುಂಬ ತೆಗೆದರೆ ಅಂಗುಲಕ್ಕೆ 440 ಚುಕ್ಕೆಗಳಷ್ಟು ದೊರೆಯುತ್ತವೆ. 18 ಮೆಗಾಪಿಕ್ಸೆಲ್ಲಿನಲ್ಲಿ 380. 12ರಲ್ಲಿಯೂ 300ಕ್ಕೆ ಕಡಿಮೆಯಾಗದು. ಕೈಬರಹವನ್ನು ಓದಲು ಇದು ಯಥೇಷ್ಟ. 50 ಮಿಲಿಮೀಟರಿನ ಮಸೂರವನ್ನು ಪುಟದಿಂದ ಮುಕ್ಕಾಲು ಮೀಟರಿಗಿಂತ ತುಸು ಮೇಲೆ, ಮುಖ ಕೆಳಗಾಗಿ ನಿಲ್ಲಿಸಬೇಕು. ಹಳೆಯ ಮೇಜಿಗೆ ಊರಿನ ಬಡಗಿಯು ಒಂದು ನಿಲುಗಂಬವನ್ನೂ ಅಡ್ಡಪಟ್ಟಿಯನ್ನೂ ಜೋಡಿಸಿಕೊಟ್ಟರೆ ಅದೇ ನಕಲು ಪೀಠವಾಯಿತು. ಕ್ಯಾಮರಾ ಪುಟಕ್ಕೆ ನೇರವಾಗಿದೆಯೋ ಇಲ್ಲವೋ ತಿಳಿಯಲು ಒಂದು ಸರಳೋಪಾಯವುಂಟು. ಪುಟವಿಡುವ ಜಾಗದಲ್ಲಿ ಚಿಕ್ಕ ಕನ್ನಡಿಯೊಂದನ್ನು ಮಲಗಿಸಿ ಕ್ಯಾಮರಾದೊಳಗಿಂದ ನೋಡುವುದು. ಮಸೂರದ ಪ್ರತಿಬಿಂಬವು ಚೌಕಟ್ಟಿನ ನಟ್ಟನಡುವೆ ಕಾಣುವವರೆಗೆ ಕ್ಯಾಮರಾವನ್ನು ಹೊಂದಿಸಿದರೆ ಸಾಕು. ಪುಟದ ಒಂದು ಬದಿ ದೊಡ್ಡದು, ಇನ್ನೊಂದು ಬದಿ ಚಿಕ್ಕದು ಆಗುವ ದೋಷ ಇಲ್ಲವಾಗುತ್ತದೆ.

ದೀಪಗಳು ಎರಡೂ ಒಂದೇ ಜಾತಿಯವಾಗಿ ಎಡಬಲಗಳಲ್ಲಿ 45 ಅಂಶ ಓರೆಯಲ್ಲಿರಲಿ. ಮೇಲಿನ ದೀಪವನ್ನು ಆರಿಸಬೇಕು, ಕಿಟಕಿಗೆ ಪರದೆ ಎಳೆಯಬೇಕು, ಕ್ಯಾಮರಾದ ಫ್ಲಾಶನ್ನು ಸರ್ವಥಾ ಬಳಸಬಾರದು. ತೆಳುವಾದ ಹಾಳೆಯ ಹಿಂಬದಿಯ ಬರಹ ಮೂಡುವುದಾದರೆ ಅಡಿಯಲ್ಲಿ ಕಪ್ಪು ಕಾಗದವಿಡುವುದು. ಕೈ ತಗುಲಿ ಅಲುಗದಂತೆ ಎರಡು ಸೆಕೆಂಡಿನ ಸ್ವಯಂಚಾಲಿತ ಗುಂಡಿಯನ್ನು ಬಳಸಬೇಕು. ಪುಟದ ಬದಿಯಲ್ಲಿ ಸೆಂಟಿಮೀಟರಿನ ಅಳತೆಪಟ್ಟಿಯೂ ಬಿಳಿಯ ಕಾಗದದ ತುಂಡೂ ಚಿತ್ರದೊಳಗೆ ಬಂದರೆ ಅಳತೆಗೂ ಬಣ್ಣಕ್ಕೂ ಸಾಕ್ಷಿಯಿರುತ್ತದೆ. ಮನೆತನಗಳಿಂದ ಬಂದ ತಾಳೆಗರಿಗಳು ಶಾಲೆಯಲ್ಲಿದ್ದರೆ ಒಂದು ವಿಶೇಷ ಕ್ರಮ ಅವಶ್ಯ. ಅಲ್ಲಿ ಅಕ್ಷರಗಳು ಬರೆದವಲ್ಲ, ಕಬ್ಬಿಣದ ಮೊನೆಯಿಂದ ಕೊರೆದವು. ಕೊರೆದಲ್ಲಿ ಮಸಿ ತುಂಬಿರುತ್ತಾರೆ. ಮಸಿ ಅಳಿಸಿಹೋದ ಗರಿಯು ಎರಡು ದೀಪಗಳಡಿ ಬರಿದಾಗಿ ಕಾಣುತ್ತದೆ. ಆಗ ಒಂದು ದೀಪವನ್ನು ಆರಿಸಿ ಇನ್ನೊಂದನ್ನು ಮೇಜಿನ ಮಟ್ಟಕ್ಕೆ ಇಳಿಸಿದರೆ ಓರೆ ಬೆಳಕಿನಲ್ಲಿ ಗೀರುಗಳ ಅಂಚು ನೆರಳು ಚೆಲ್ಲಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಕ್ಷೇತ್ರದಲ್ಲಿ ಶಿಲಾಶಾಸನದ ಚಿತ್ರ ತೆಗೆಯುವವರು ಮುಂಜಾನೆಯ ಇಲ್ಲವೆ ಸಂಜೆಯ ಬಿಸಿಲಿಗೆ ಕಾಯುವುದೂ ಇದೇ ನ್ಯಾಯದಿಂದ.

ಇಂಥ ಚಿತ್ರಗಳನ್ನು ಕ್ಯಾಮರಾದ ರಾ ಎಂಬ ಮೂಲರೂಪದಲ್ಲಿಯೂ ಜೆಪೆಗ್ ರೂಪದಲ್ಲಿಯೂ ಒಟ್ಟಿಗೆ ಉಳಿಸತಕ್ಕದ್ದು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳು ಮಾತ್ರ. 12 ಬಿಟ್ಟಿನ ಮೂಲರೂಪದಲ್ಲಿ 4,096. ಮಾಸಿದ ಶಾಯಿಯನ್ನು ಮುಂದೆ ಗಣಕದಲ್ಲಿ ಸ್ಫುಟಗೊಳಿಸಬೇಕಾದಾಗ ಆ ಮೆಟ್ಟಿಲುಗಳೇ ಆಧಾರ. ಮೂರು ಪ್ರತಿಗಳಿರಲಿ: ಒಂದು ಕಛೇರಿಯ ಗಣಕದಲ್ಲಿ, ಒಂದು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಶಾಲೆಯ ಆವರಣದ ಹೊರಗೆ. ಸೋರುವ ಛಾವಣಿ, ಸಿಡಿಲು, ಕಳ್ಳತನ, ಈ ಮೂರೂ ಒಂದೇ ಕೊಠಡಿಯಲ್ಲಿರುವ ಎರಡು ಪ್ರತಿಗಳನ್ನು ಬೇರೆ ಬೇರೆಯೆಂದು ಎಣಿಸುವುದಿಲ್ಲ. ಡಿಸ್ಕಿಗೂ ಆಯುಸ್ಸಿನ ಮಿತಿಯುಂಟಾದ್ದರಿಂದ ಪ್ರತಿ ಬೇಸಗೆ ರಜೆಯಲ್ಲಿ ಒಮ್ಮೆ ತೆರೆದು, ಚಿತ್ರಗಳು ಓದಲು ಬರುವುವೇ ಎಂದು ನೋಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಬೇಕು.

ಕ್ಯಾಮರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡುವ ಪದ್ಧತಿ ಬೂಷ್ಟಿಗೆ ಆಹ್ವಾನವಿತ್ತಂತೆ. ಚರ್ಮವು ತೇವವನ್ನು ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳು, ಇಷ್ಟು ಸಾಕು. ಬಣ್ಣ ಬದಲಾಗುವ ಜಾತಿಯ ಜೆಲ್ಲಾದರೆ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ ಪುನಃ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಹಿಂದಿರುಗಿಸದೆ ಬೇರೆಯಾಗಿಡುವುದು ಕ್ಷೇಮ. ದೀರ್ಘ ರಜೆಯಲ್ಲಿ ಬ್ಯಾಟರಿಯನ್ನು ಹೊರತೆಗೆದು ಅರ್ಧದಷ್ಟು ತುಂಬಿದ ಸ್ಥಿತಿಯಲ್ಲಿಡಬೇಕು. ತಿಂಗಳಿಗೊಮ್ಮೆಯಾದರೂ ಕ್ಯಾಮರಾವನ್ನು ಹೊರತೆಗೆದು ಹತ್ತಿಪ್ಪತ್ತು ಚಿತ್ರ ತೆಗೆಯುವ ಕೆಲಸವನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಸರದಿಯಂತೆ ಒಪ್ಪಿಸಿದರೆ ಯಂತ್ರವೂ ಜಡ್ಡುಗಟ್ಟದು, ಉತ್ಸವದ ದಿನ ಅದನ್ನು ಹಿಡಿಯಬಲ್ಲ ಕೈಗಳಿಗೂ ಶಾಲೆಯಲ್ಲಿ ಕೊರತೆಯಾಗದು.